ನೋಡುವುದೂ ನೋಡಿಕೊಳ್ಳುವುದೂ

ಯಂತ್ರದ ಪಕ್ಕದಲ್ಲಿ ನಿಂತು ಅದನ್ನು ನಡೆಸುವುದು ನಮ್ಮ ಹಿರಿಯರು ಕಂಡ ಪದ್ಧತಿ. ಯಂತ್ರವಿರುವ ಊರಿನಲ್ಲಿಯೇ ಇಲ್ಲದೆ ಅದನ್ನು ನಡೆಸುವುದು ಈಗ ನಮ್ಮ ಕಣ್ಣೆದುರಿಗೆ ಬೆಳೆಯುತ್ತಿರುವ ಪದ್ಧತಿ. ವಿದ್ಯುದಾಗಾರ, ತೈಲಶುದ್ಧಿ ಕೇಂದ್ರ, ಉಕ್ಕಿನ ಕಾರ್ಖಾನೆ ಮುಂತಾದ ದೊಡ್ಡ ಉದ್ಯಮಗಳಲ್ಲಿ ದೂರನಿಯಂತ್ರಣವು ಹೊಸದೇನೂ ಅಲ್ಲ. ಹಲವು ದಶಕಗಳಿಂದ ಅಲ್ಲಿ ಒಂದು ಕೊಠಡಿಯಲ್ಲಿ ಕುಳಿತವರು ದೂರದ ಕವಾಟಗಳನ್ನು ತೆರೆದು ಮುಚ್ಚುತ್ತ ಬಂದಿದ್ದಾರೆ. ಹೊಸದಾಗಿರುವುದು ಅದರ ಬೆಲೆ. ಕೋಟಿಗಟ್ಟಲೆ ಬಂಡವಾಳವುಳ್ಳವರಿಗೆ ಮಾತ್ರ ನಿಲುಕುತ್ತಿದ್ದ ಈ ಸೌಕರ್ಯವು ಈಗ ತಂತಿಯ ಹಂಗೂ ಇಲ್ಲದೆ, ಕೆಲವು ಸಾವಿರ ರೂಪಾಯಿಗಳಲ್ಲಿ, ಪೀಣ್ಯದ ಒಂದು ಷೆಡ್ಡಿನ ಮಾಲೀಕನಿಗೂ ಕೋಲಾರದ ಕಡೆಯ ಕೊಳವೆ ಬಾವಿಯ ರೈತನಿಗೂ ದೊರೆಯುವಂತಾಗಿದೆ. ಅಗ್ಗವಾದದ್ದು ಬೇಗ ಹರಡುತ್ತದೆ. ಬೇಗ ಹರಡಿದ್ದರ ಬಗೆಗೆ ಯೋಚಿಸುವುದಕ್ಕೆ ಸಮಾಜಕ್ಕೆ ಬಿಡುವು ಸಿಕ್ಕುವುದಿಲ್ಲ. ಆ ಬಿಡುವನ್ನು ಸ್ವಲ್ಪಮಟ್ಟಿಗಾದರೂ ಮಾಡಿಕೊಳ್ಳಬೇಕೆಂಬುದು ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ಯಂತ್ರಗಳ ಗೊಡವೆ ಏಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನನ್ನ ತರಗತಿಯಲ್ಲಿ ಕುಳಿತು ಪಂಪನನ್ನೂ ಕುಮಾರವ್ಯಾಸನನ್ನೂ ಓದಿದ ಹುಡುಗ ಹುಡುಗಿಯರಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಸೇರುವುದು ಇಂಥ ಕಾರ್ಖಾನೆಗಳನ್ನೇ. ಅವರ ದಿನದ ಎಂಟು ಹತ್ತು ಗಂಟೆಗಳನ್ನು ಯಾವ ವ್ಯವಸ್ಥೆ ಆಳುತ್ತದೆಯೋ ಅದು ಅವರ ಮೇಷ್ಟರಿಗೆ ಸಂಬಂಧಿಸದ ವಿಷಯವೆಂದು ನಾನು ಭಾವಿಸಲಾರೆ. ಅಲ್ಲದೆ, ಈ ವಿಷಯದ ಮಧ್ಯದಲ್ಲಿ ಎರಡು ಮಾತುಗಳ ಅರ್ಥವ್ಯತ್ಯಾಸದ ಪ್ರಶ್ನೆಯೊಂದಿದೆ. ಅರ್ಥವ್ಯತ್ಯಾಸಗಳನ್ನು ಬಿಡಿಸುವುದು ನನ್ನಂಥವರ ಕಸುಬೇ ಆಗಿರುವುದರಿಂದ ಅಷ್ಟರಮಟ್ಟಿಗೆ ನನಗೂ ಮಾತನಾಡುವ ಅಧಿಕಾರವುಂಟು.

ಈಗಿನ ಈ ಬೆಳವಣಿಗೆ ವಸ್ತುತಃ ಎರಡು ಹಳೆಯ ಹೊಳೆಗಳ ಸಂಗಮ. ಒಂದು, ಯಂತ್ರವು ತಾನಾಗಿಯೇ ನಡೆಯುವಂತೆ ಮಾಡುವ ಸ್ವಯಂಚಾಲನೆ. ಇನ್ನೊಂದು, ತಂತಿಯಿಲ್ಲದೆ ಸಂಕೇತವನ್ನು ಕಳುಹಿಸುವ ನಿಸ್ತಂತು ವಿದ್ಯೆ. ಮೊದಲನೆಯದಕ್ಕೆ ನಮ್ಮವರೇ ಆದ ವಿಶ್ವೇಶ್ವರಯ್ಯನವರು ಒಂದು ಉತ್ತಮ ನಿದರ್ಶನವನ್ನು ಕೊಟ್ಟಿದ್ದಾರೆ. 1903ರಲ್ಲಿ ಅವರ ಸ್ವಯಂಚಾಲಿತ ತೂಬಿನ ಬಾಗಿಲುಗಳು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಬಂದುವು. ನೀರು ಒಂದು ಮಟ್ಟವನ್ನು ಮೀರಿದಾಗ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಾವಲುಗಾರನು ನಡುರಾತ್ರಿಯಲ್ಲಿ ಎದ್ದು ಓಡಬೇಕಾಗಿಲ್ಲ. ಎರಡನೆಯದಕ್ಕೆ ಜಗದೀಶಚಂದ್ರ ಬೋಸರು ನಿದರ್ಶನ. 1895ರಲ್ಲಿ ಕಲ್ಕತ್ತೆಯಲ್ಲಿ ಅವರು ಸಾರ್ವಜನಿಕರ ಎದುರಿಗೆ, ಕಣ್ಣಿಗೆ ಕಾಣದ ತರಂಗಗಳಿಂದ, ನಡುವೆ ಯಾವ ತಂತಿಯೂ ಇಲ್ಲದೆ, ದೂರದಲ್ಲಿದ್ದ ಗಂಟೆಯೊಂದನ್ನು ಬಾರಿಸಿದರು, ಮದ್ದನ್ನು ಸಿಡಿಸಿದರು. ಮೂರು ವರ್ಷಗಳ ಮೇಲೆ, 1898ರಲ್ಲಿ, ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ನಿಸ್ತಂತುವಿನಿಂದ ನಡೆಸಿ ತೋರಿಸಿದನು. ಬೋಸರ ಪ್ರಯೋಗದಲ್ಲಿ ಗಂಟೆಯೂ ಇತ್ತು, ಮದ್ದೂ ಇತ್ತು ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ದೂರದಿಂದ ಎಚ್ಚರಿಸಬಲ್ಲ ಶಕ್ತಿಯೇ ದೂರದಿಂದ ಸಿಡಿಸಲೂ ಬಲ್ಲದು.

ಕಾರ್ಖಾನೆಯ ಯಂತ್ರಗಳಿಗೆ ಇಂದಿನ ರೂಪದ ಮೆದುಳು ಬಂದದ್ದು ಅಮೆರಿಕದ ಮೋಟಾರು ಉದ್ಯಮದ ಒಂದು ಪೇಚಾಟದಿಂದ. ಕಾರಿನ ಮಾದರಿ ಬದಲಾದಾಗಲೆಲ್ಲ ಸಾವಿರಾರು ರಿಲೇಗಳ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತಿತ್ತು. ಇದರಿಂದ ಬೇಸತ್ತ ಜನರಲ್ ಮೋಟರ್ಸ್ ಸಂಸ್ಥೆ 1968ರಲ್ಲಿ ಬೇರೊಂದು ಮಾರ್ಗವನ್ನು ಕೇಳಿತು. ಡಿಕ್ ಮಾರ್ಲಿ ಮತ್ತು ಅವನ ಸಂಗಡಿಗರು ಮುಂದಿನ ವರ್ಷ ‘ಮೋಡಿಕಾನ್’ ಎಂಬ ಉಪಕರಣವನ್ನು ಒದಗಿಸಿದರು. ತಂತಿಯನ್ನು ಬದಲಾಯಿಸುವ ಕಡೆ ಬರಹವನ್ನು ಬದಲಾಯಿಸಿದರೆ ಸಾಕು ಎಂಬುದು ಅದರ ತಿರುಳು. ನಮ್ಮ ಕಾರ್ಮಿಕರ ಬಾಯಲ್ಲಿ ಈಗ ‘ಪಿಎಲ್‌ಸಿ’ ಎಂದು ಓಡಾಡುವುದು ಇದೇ. ಇಂಥ ಉಪಕರಣಗಳು ಪರಸ್ಪರ ಮಾತನಾಡುವುದಕ್ಕೆ 1979ರಲ್ಲಿ ಮೋಡಿಕಾನ್ ಸಂಸ್ಥೆ ‘ಮಾಡ್‌ಬಸ್’ ಎಂಬ ಭಾಷೆಯನ್ನು ರೂಪಿಸಿತು. ಅದು ಎಲ್ಲರಿಗೂ ತೆರೆದಿದ್ದುದರಿಂದಲೇ ಇಂದಿಗೂ ಜೀವಂತವಾಗಿದೆ. ಭಾಷೆ ಬದುಕುವುದು ಬಳಸುವವರ ಸಂಖ್ಯೆಯಿಂದ ಎಂಬ ಮಾತು ಯಂತ್ರಗಳ ಭಾಷೆಗೂ ಸಲ್ಲುತ್ತದೆ.

ಇಷ್ಟಾದರೂ ತಂತಿ ಉಳಿದಿತ್ತು. ಕಾರ್ಖಾನೆಯ ಒಂದು ಮೂಲೆಯ ಉಷ್ಣಮಾಪಕದಿಂದ ಇನ್ನೊಂದು ಮೂಲೆಯ ಕೊಠಡಿಗೆ ಸುದ್ದಿ ಬರಬೇಕಾದರೆ ಕೊಳವೆ ಹೂಳಬೇಕು, ಗೋಡೆ ಕೊರೆಯಬೇಕು, ಕೇಬಲ್ ಎಳೆಯಬೇಕು. ಅನೇಕ ವೇಳೆ ಮಾಪಕದ ಬೆಲೆಗಿಂತ ತಂತಿಯ ಖರ್ಚೇ ಹೆಚ್ಚು. ಈ ಶತಮಾನದ ಮೊದಲ ದಶಕದಲ್ಲಿ ಕಡಿಮೆ ಶಕ್ತಿಯ ನಿಸ್ತಂತು ಜಾಲಗಳಿಗೆ ಅಂತರರಾಷ್ಟ್ರೀಯ ಮಾನಕಗಳು ಬಂದುವು. 2007ರಲ್ಲಿ ಕಾರ್ಖಾನೆಗಳಿಗೆಂದೇ ‘ವೈರ್‌ಲೆಸ್ ಹಾರ್ಟ್’ ಎಂಬ ಪದ್ಧತಿ ಹೊರಬಂದಿತು. ಇದರಲ್ಲಿ ಒಂದು ಮಾಪಕದ ಮಾತನ್ನು ನೆರೆಯ ಮಾಪಕ ಕೇಳಿ ಮುಂದಕ್ಕೆ ದಾಟಿಸುತ್ತದೆ. ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿ ತೆರೆದಿರುತ್ತದೆ. ಆದರೆ ಅದೂ ದೊಡ್ಡವರ ಸರಕೇ ಆಗಿತ್ತು. ಬೆಲೆ ನೆಲಕ್ಕೆ ಇಳಿದದ್ದು 2014ರಲ್ಲಿ, ಷಾಂಘಾಯಿಯ ಎಸ್‌ಪ್ರೆಸಿಫ್ ಸಂಸ್ಥೆಯ ಒಂದು ಚಿಪ್ಪು ಪೇಟೆಗೆ ಬಂದಾಗ. ಬೆರಳ ತುದಿಯ ಮೇಲೆ ಕೂರುವ ಆ ವಸ್ತುವಿನಲ್ಲಿ ಗಣಕವೂ ವೈಫೈಯೂ ಒಟ್ಟಿಗೆ ಇವೆ. ಅದನ್ನು ಕೂರಿಸಿದ ಹಲಗೆ ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಕ್ಕುತ್ತದೆ. ಹೊಲ ಗದ್ದೆಗಳ ದೂರಕ್ಕೆ ವೈಫೈ ಸಾಲದು. ಅದಕ್ಕೆ ‘ಲೋರಾ’ ಎಂಬ ಪದ್ಧತಿಯುಂಟು. ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ದೂರಕ್ಕೆ ಅದು ಸಣ್ಣ ಸುದ್ದಿಯನ್ನು ಮುಟ್ಟಿಸುತ್ತದೆ.

ಕಾನೂನೂ ಸಡಿಲಗೊಂಡಿದೆ. 1933ರ ನಿಸ್ತಂತು ಕಾಯ್ದೆಯ ಕಾಲದಲ್ಲಿ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ನಮ್ಮ ತಂದೆಯವರ ಪೀಳಿಗೆ ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಲೈಸೆನ್ಸಿನ ಹಣ ಕಟ್ಟುತ್ತಿತ್ತು. ಈಗ, 2021ರ ನಿಯಮಗಳ ಪ್ರಕಾರ, 865ರಿಂದ 868 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯಲ್ಲಿ, ಗೊತ್ತುಪಡಿಸಿದ ಶಕ್ತಿಮಿತಿಯೊಳಗೆ, ಇಂಥ ಚಿಕ್ಕ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಬಹುದು. ಆಕಾಶದ ಒಂದು ತುಂಡು ಗೋಮಾಳದಂತೆ ಎಲ್ಲರಿಗೂ ಬಿಟ್ಟಿದೆ ಎನ್ನಬಹುದು.

ಇದರಿಂದ ಆಗುತ್ತಿರುವ ಉಪಕಾರವನ್ನು ಕಡೆಗಣಿಸುವುದು ಅನ್ಯಾಯವಾಗುತ್ತದೆ. ನಮ್ಮ ರೈತನ ಸಂಗತಿಯನ್ನೇ ನೋಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಸರದಿಯ ಪ್ರಕಾರ. ಸರದಿ ರಾತ್ರಿಗೆ ಬಿದ್ದರೆ, ಕತ್ತಲಲ್ಲಿ ಬ್ಯಾಟರಿ ಹಿಡಿದು, ಹಾವು ಹುಳುವಿನ ನಡುವೆ ಹೊಲಕ್ಕೆ ಹೋಗಿ, ಮೋಟರನ್ನು ಚಾಲೂ ಮಾಡಿ ಬರಬೇಕು. ಹೋದಾಗ ಕರೆಂಟು ಇಲ್ಲದಿದ್ದರೆ ಹೋದ ದಾರಿಗೆ ಸುಂಕವಿಲ್ಲ. ಮೊಬೈಲಿನಿಂದ ಮೋಟರನ್ನು ನಡೆಸುವ ಸ್ಟಾರ್ಟರು, ಪುಣೆಯಲ್ಲಿ ರೂಪುಗೊಂಡ ‘ನ್ಯಾನೋ ಗಣೇಶ’ ಮೊದಲಾದವು, ಆ ಅಲೆದಾಟವನ್ನು ತಪ್ಪಿಸಿವೆ. ಕರೆಂಟು ಬಂದುದನ್ನು ಹೇಳುತ್ತವೆ. ಒಂದು ಫೇಸ್ ಹೋದರೆ ಅಥವಾ ಬಾವಿಯಲ್ಲಿ ನೀರು ಬತ್ತಿದರೆ ಮೋಟರು ಸುಟ್ಟುಹೋಗುವ ಮೊದಲೇ ಅದನ್ನು ನಿಲ್ಲಿಸುವಂಥವೂ ಇವೆ. ಬೆಳಗಾವಿ, ಶಿವಮೊಗ್ಗಗಳ ಎರಕದ ಕಾರ್ಖಾನೆಗಳಲ್ಲಿ ಇನ್ನೊಂದು ಉಪಯೋಗವುಂಟು. ಇಂಡಕ್ಷನ್ ಕುಲುಮೆಯ ತಾಮ್ರದ ಸುರುಳಿಯನ್ನು ನೀರು ಹರಿಸಿ ತಣ್ಣಗಿಡಬೇಕು. ಆ ನೀರಿನ ಹರಿವು ನಿಂತರೆ ಸುರುಳಿ ಕರಗಬಹುದು. ಸೋರಿದ ನೀರು ಕರಗಿದ ಲೋಹದೊಡನೆ ಸೇರಿದರೆ ಸ್ಫೋಟವೇ ಆಗಬಹುದು. ಹರಿವನ್ನು ಹಗಲಿರುಳೂ ಗಮನಿಸುವ ಅಗ್ಗದ ಮಾಪಕವೊಂದು ಅಲ್ಲಿ ಜೀವರಕ್ಷಕ. ಸರ್ಕಾರದ ಮಟ್ಟದಲ್ಲಿ, ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣವನ್ನು 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. 10,000 ಕ್ಯೂಸೆಕ್ ಹೊರುವ ಆ ಕಾಲುವೆಯಲ್ಲಿ ತೂಬುಗಳನ್ನು ದೂರದಿಂದ ನೋಡಿ ನಡೆಸುವ ವ್ಯವಸ್ಥೆಯನ್ನು ಅಳವಡಿಸಿದ್ದಾರೆ. ಕಾಲುವೆಯ ಕೊನೆಯ ಭಾಗದ ರೈತನಿಗೆ ನೀರು ಮುಟ್ಟುವುದಿಲ್ಲವೆಂಬುದು ನಮ್ಮ ನೀರಾವರಿಯ ಹಳೆಯ ಗೋಳು. ಎಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂಬುದು ಲೆಕ್ಕಕ್ಕೆ ಸಿಕ್ಕಿದ ಹೊರತು ಆ ಗೋಳು ತೀರುವಂಥದಲ್ಲ.

ಇಲ್ಲಿಯವರೆಗೆ ಎಲ್ಲವೂ ಸರಿ. ಈಗ ಮೊದಲು ಹೇಳಿದ ಅರ್ಥವ್ಯತ್ಯಾಸಕ್ಕೆ ಬರುತ್ತೇನೆ. ಮಾರಾಟಗಾರರ ಪ್ರಕಟಣೆಗಳಲ್ಲಿ ‘ನಿಗಾ ಮತ್ತು ನಿಯಂತ್ರಣ’ ಎಂಬ ಎರಡು ಮಾತುಗಳು ಜೋಡೆತ್ತುಗಳಂತೆ ಒಟ್ಟಿಗೆ ಬರುತ್ತವೆ. ಒಂದೇ ಪೆಟ್ಟಿಗೆ, ಒಂದೇ ಬೆಲೆ, ಒಂದೇ ಉಸಿರು. ಆದರೆ ಇವು ಸ್ವಭಾವತಃ ಬೇರೆ. ನಿಗಾ ಎಂದರೆ ದೂರದಿಂದ ನೋಡುವುದು. ನಿಯಂತ್ರಣ ಎಂದರೆ ದೂರದಿಂದ ನಡೆಸುವುದು. ನೋಡುವುದರಲ್ಲಿ ತಪ್ಪಾದರೆ ಇನ್ನೊಮ್ಮೆ ನೋಡಬಹುದು. ನಡೆಸುವುದರಲ್ಲಿ ತಪ್ಪಾದರೆ, ಆ ಕ್ಷಣದಲ್ಲಿ ಯಂತ್ರದ ಬಾಯಲ್ಲಿ ಯಾರದೋ ಕೈಯಿದ್ದರೆ, ಆ ಕೈ ಇನ್ನೊಮ್ಮೆ ಬರುವುದಿಲ್ಲ. ನೋಡುವ ಉಪಕರಣ ಎಷ್ಟು ಅಗ್ಗವಾದರೂ ಸಂತೋಷವೇ. ನಡೆಸುವ ಉಪಕರಣ ಅಗ್ಗವಾಗುವಾಗ ಅದರಿಂದ ಏನೇನನ್ನು ಕಿತ್ತುಹಾಕಿ ಬೆಲೆ ಇಳಿಸಿದ್ದಾರೆ ಎಂದು ಕೇಳಲೇಬೇಕು.

ಒಂದು ಸಾಮಾನ್ಯ ಸಂದರ್ಭವನ್ನು ಊಹಿಸಿಕೊಳ್ಳಿ. ತೋಟದಲ್ಲಿ ಮೋಟರು ನಿಂತಿದೆ. ತಮ್ಮನು ಸ್ಟಾರ್ಟರಿನ ಪೆಟ್ಟಿಗೆ ತೆರೆದು ಸಡಿಲವಾದ ತಂತಿಯನ್ನು ಬಿಗಿಯುತ್ತಿದ್ದಾನೆ. ಪೇಟೆಯಲ್ಲಿರುವ ಅಣ್ಣನಿಗೆ ಅದು ತಿಳಿಯದು. ಮೋಟರು ನಿಂತಿರುವುದನ್ನು ಫೋನಿನಲ್ಲಿ ಕಂಡು ಗುಂಡಿ ಒತ್ತುತ್ತಾನೆ. ಅಣ್ಣನಲ್ಲಿ ದ್ವೇಷವಿಲ್ಲ, ತಮ್ಮನಲ್ಲಿ ಅವಿವೇಕವಿಲ್ಲ, ಉಪಕರಣದಲ್ಲಿ ದೋಷವೂ ಇಲ್ಲ. ಆಜ್ಞೆಯನ್ನು ಅದು ನಿಷ್ಠೆಯಿಂದ ಪಾಲಿಸುತ್ತದೆ. ಹಿಂದಿನ ಪದ್ಧತಿಯಲ್ಲಿ ಮೋಟರನ್ನು ನಡೆಸುವವನು ಮೋಟರಿನ ಮುಂದೆಯೇ ಇರಬೇಕಾಗಿತ್ತು. ಎದುರಿಗಿದ್ದವನನ್ನು ಕಾಣದೆ ಗುಂಡಿ ಒತ್ತುವುದು ಸಾಧ್ಯವಿರಲಿಲ್ಲ. ಆ ರಕ್ಷಣೆಗೆ ಯಾರೂ ಹಣ ಕೊಟ್ಟಿರಲಿಲ್ಲ, ಅದಕ್ಕೊಂದು ಹೆಸರೂ ಇರಲಿಲ್ಲ. ದೂರನಿಯಂತ್ರಣವು ಮೊದಲು ಕಿತ್ತುಹಾಕುವುದು ಹೆಸರಿಲ್ಲದ ಈ ರಕ್ಷಣೆಯನ್ನು.

ಇದಕ್ಕೆ ಪರಿಹಾರವನ್ನು ವಿದೇಶದಿಂದ ತರಬೇಕಾಗಿಲ್ಲ. ನಮ್ಮ ಊರಿನ ಲೈನ್‌ಮನ್ನನು ಕಂಬ ಹತ್ತುವ ಮೊದಲು ‘ಎಲ್‌ಸಿ’ ತೆಗೆದುಕೊಳ್ಳುತ್ತಾನೆ. ಲೈನ್ ಕ್ಲಿಯರ್ ಎಂಬುದರ ಮೊಟಕು ರೂಪ ಅದು. ಎಲ್‌ಸಿ ಪಡೆದವನು ತಾನಾಗಿ ಅದನ್ನು ಹಿಂದಿರುಗಿಸುವವರೆಗೆ ಸಬ್‌ಸ್ಟೇಷನ್ನಿನವರು ಆ ಮಾರ್ಗಕ್ಕೆ ಕರೆಂಟು ಕೊಡಕೂಡದು. ಎಲ್ಲಿ ಈ ಶಿಸ್ತು ಮುರಿಯಿತೋ ಅಲ್ಲಿ ಒಂದು ಸಂಸಾರದ ದೀಪ ಆರಿದೆ. ತಪ್ಪಿ ಚಾಲೂ ಆಗಬಹುದಾದ ಸ್ವಿಚ್ಚನ್ನು ಬಂದ್ ಸ್ಥಿತಿಯಲ್ಲಿ ಬೀಗ ಹಾಕಿಡುವ ಏರ್ಪಾಡಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೂ ವಿಧಿಸಿತ್ತು. ಕಾಯ್ದೆಗಳ ಹೆಸರು ಬದಲಾಗಬಹುದು, ತತ್ತ್ವ ಬದಲಾಗತಕ್ಕದ್ದಲ್ಲ: ಯಂತ್ರದ ಬಳಿ ಇರುವವನ ಬೀಗವು ದೂರದಲ್ಲಿರುವವನ ಆಜ್ಞೆಗಿಂತ ಮೇಲು. ಈ ಬೀಗ ಫೋನಿನಲ್ಲಿ ಅಕ್ಷರಗಳಾಗಿ ಇದ್ದರೆ ಸಾಲದು. ಯಂತ್ರದ ಮೈಮೇಲೆ, ಕೈಯಿಂದ ತಿರುಗಿಸುವ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬಹುದಾದ ವಸ್ತುವಾಗಿರಬೇಕು.

ಎರಡನೆಯ ವಿಚಾರ, ಆಜ್ಞೆ ಹೊರಟಿತು ಎಂಬುದೂ ಕೆಲಸವಾಯಿತು ಎಂಬುದೂ ಒಂದೇ ಅಲ್ಲ ಎಂಬುದು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುದಾಗಾರದಲ್ಲಿ ಒಂದು ಕವಾಟ ತೆರೆದದ್ದು ಮುಚ್ಚಲಿಲ್ಲ. ನಿಯಂತ್ರಣ ಫಲಕದ ದೀಪ ಮಾತ್ರ ಅದು ಮುಚ್ಚಿದೆಯೆಂಬ ಭಾವನೆಯನ್ನು ಹುಟ್ಟಿಸಿತು. ಆ ದೀಪವು ಕವಾಟದ ನಿಜಸ್ಥಿತಿಯನ್ನು ತೋರಿಸುತ್ತಿರಲಿಲ್ಲ. ಮುಚ್ಚು ಎಂಬ ಆಜ್ಞೆ ಹೋಗಿದೆಯೆಂಬುದನ್ನಷ್ಟೇ ತೋರಿಸುತ್ತಿತ್ತು. ತಜ್ಞರು ಗಂಟೆಗಟ್ಟಲೆ ದಾರಿ ತಪ್ಪಿದರು. ನೀರು ಹೊರಹೋಗಿ ರಿಯಾಕ್ಟರಿನ ಒಡಲಿನ ಒಂದು ಭಾಗ ಕರಗಿತು. ಅಷ್ಟು ದೊಡ್ಡ ಸ್ಥಾವರದಲ್ಲಿ ಆದ ಈ ತಪ್ಪನ್ನೇ ನಮ್ಮ ಕೈಯಲ್ಲಿರುವ ಅಗ್ಗದ ಪೆಟ್ಟಿಗೆಗಳಲ್ಲಿ ಅನೇಕವು ಇಂದಿಗೂ ಮಾಡುತ್ತವೆ. ಫೋನಿನ ತೆರೆಯ ಮೇಲೆ ಗುಂಡಿ ಹಸುರಾದೊಡನೆ ಮೋಟರು ತಿರುಗುತ್ತಿದೆಯೆಂದು ನಾವು ನಂಬುತ್ತೇವೆ. ತಂತಿಯಲ್ಲಿ ಹರಿಯುವ ಕರೆಂಟನ್ನು ಅಳೆದು, ನೀರು ನಿಜವಾಗಿ ಹರಿದುದನ್ನು ನೋಡಿ, ಆಮೇಲೆ ಹಸುರಾಗುವ ಗುಂಡಿ ಬೇರೆ. ಒತ್ತಿದ್ದಕ್ಕೇ ಹಸುರಾಗುವ ಗುಂಡಿ ಬೇರೆ. ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಮೂರನೆಯದು ಮೌನದ ಪ್ರಶ್ನೆ. ತಂತಿಯ ಯುಗದ ಎಂಜಿನಿಯರುಗಳು ಇದಕ್ಕೊಂದು ಸೊಗಸಾದ ಉಪಾಯ ಮಾಡಿದ್ದರು. ಮಾಪಕದಿಂದ ಬರುವ ಸಂಕೇತವನ್ನು 4ರಿಂದ 20 ಮಿಲಿಆಂಪಿಯರ್‌ಗಳವರೆಗೆ ಗೊತ್ತುಪಡಿಸಿದರು. ತೊಟ್ಟಿ ಬರಿದಾಗಿದ್ದರೆ 4, ತುಂಬಿದ್ದರೆ 20. ಬರಿದಾದದ್ದಕ್ಕೆ ಸೊನ್ನೆಯನ್ನೇಕೆ ಇಡಲಿಲ್ಲ? ಸೊನ್ನೆ ಎಂದರೆ ತಂತಿ ಕಡಿದಿದೆ ಎಂದರ್ಥ. ‘ಏನೂ ಇಲ್ಲ’ ಎಂಬ ಸುದ್ದಿ ಬೇರೆ, ಸುದ್ದಿಯೇ ಇಲ್ಲದಿರುವುದು ಬೇರೆ ಎಂಬ ಭೇದವನ್ನು ಅವರು ಅಂಕಿಯಲ್ಲೇ ಹುದುಗಿಸಿದ್ದರು. ಕಾವ್ಯಮೀಮಾಂಸೆಯಲ್ಲಿ ನಾವು ಮೌನದ ಧ್ವನಿಯ ಬಗೆಗೆ ಬಹಳ ಹೇಳುತ್ತೇವೆ. ಈ ನಾಲ್ಕು ಮಿಲಿಆಂಪಿಯರನ್ನೂ ಉದಾಹರಣೆಯಾಗಿ ಕೊಡಬಹುದೆಂದು ನನಗೆ ತೋರುತ್ತದೆ. ನಿಸ್ತಂತುವಿನಲ್ಲಿ ಈ ಭೇದ ಇನ್ನೂ ಮುಖ್ಯ. ಅಲ್ಲಿ ಬ್ಯಾಟರಿ ಮುಗಿಯುತ್ತದೆ, ಸಿಗ್ನಲ್ ಹೋಗುತ್ತದೆ, ಹೊಸದಾಗಿ ತಂದಿಟ್ಟ ಕಬ್ಬಿಣದ ಬೀರು ತರಂಗಕ್ಕೆ ಅಡ್ಡವಾಗುತ್ತದೆ. ಸುದ್ದಿ ನಿಂತಾಗ ಹಳೆಯ ಅಂಕಿಯನ್ನೇ ತೋರಿಸುತ್ತ ಕುಳಿತಿರುವ ತೆರೆಯು ಸುಳ್ಳುಸಾಕ್ಷಿ. ಕುಲುಮೆಯ ನೀರು ನಿಂತು ಹತ್ತು ನಿಮಿಷವಾದರೂ ಅದು ‘ಎಲ್ಲ ಕ್ಷೇಮ’ ಎನ್ನುತ್ತಿರುತ್ತದೆ. ಗೊತ್ತಾದ ಹೊತ್ತಿಗೆ ಸುದ್ದಿ ಬಾರದಿದ್ದರೆ ಅದನ್ನೇ ಅಪಾಯವೆಂದು ಎಣಿಸಿ ಕೂಗುವ ಉಪಕರಣವೇ ನಂಬಿಕೆಗೆ ಯೋಗ್ಯ.

ನಾಲ್ಕನೆಯದು, ಗೋಮಾಳವಾದ ಆಕಾಶದಲ್ಲಿ ಕಳ್ಳನಿಗೂ ದಾರಿಯುಂಟು ಎಂಬುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಮರೂಚಿ ಎಂಬ ಪ್ರಾಂತದಲ್ಲಿ ಕೊಳಚೆ ನೀರಿನ ಪಂಪ್ ಕೇಂದ್ರಗಳನ್ನು ರೇಡಿಯೋ ಮೂಲಕ ನಡೆಸುತ್ತಿದ್ದರು. ಆ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯಲ್ಲಿ ಹಿಂದೆ ಕೆಲಸದಲ್ಲಿದ್ದವನೊಬ್ಬನು, ಸ್ಥಳೀಯ ಆಡಳಿತದಲ್ಲಿ ಕೆಲಸ ಸಿಗಲಿಲ್ಲವೆಂಬ ಕೋಪದಿಂದ, 2000ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಒಂದು ಗಣಕವನ್ನೂ ಒಂದು ರೇಡಿಯೋವನ್ನೂ ಕಾರಿನಲ್ಲಿಟ್ಟುಕೊಂಡು ಆ ಪಂಪುಗಳಿಗೆ ಕಳ್ಳ ಆಜ್ಞೆಗಳನ್ನು ಕೊಟ್ಟನು. ಸುಮಾರು 8 ಲಕ್ಷ ಲೀಟರು ಕೊಳಚೆ ಉದ್ಯಾನಗಳಿಗೂ ತೊರೆಗಳಿಗೂ ನುಗ್ಗಿತು. ಬಹಳ ಹೊತ್ತು ಅಲ್ಲಿಯವರು ಅದನ್ನು ಯಂತ್ರದ ಕೆಡುಕೆಂದೇ ತಿಳಿದಿದ್ದರು. 2001ರಲ್ಲಿ ಅವನಿಗೆ ಎರಡು ವರ್ಷಗಳ ಸೆರೆಯಾಯಿತು. ಆ ಕಾಲಕ್ಕೆ ಅದು ವಿಶೇಷ ತಿಳಿವಳಿಕೆ ಬೇಕಾದ ಕೆಲಸ. ಇಂದು ಉಪಕರಣದ ಪೆಟ್ಟಿಗೆಯಲ್ಲಿ ಬಂದ ಗುಪ್ತಪದವನ್ನು ಬದಲಾಯಿಸದೆ ಹಾಗೆಯೇ ಬಿಡುವ ನಮ್ಮ ಅಭ್ಯಾಸವು ಆ ತಿಳಿವಳಿಕೆಯ ಅಗತ್ಯವನ್ನೂ ಇಲ್ಲವಾಗಿಸಿದೆ. ಕೆಲಸ ಬಿಟ್ಟುಹೋದವನ ಕೈಯಿಂದ ಕಾರ್ಖಾನೆಯ ಬೀಗದಕೈ ಮರಳಿ ಪಡೆಯುವ ಮಾಲೀಕನು ಅವನ ಫೋನಿನಲ್ಲಿರುವ ಬೀಗದಕೈಯನ್ನು ಮರೆಯುತ್ತಾನೆ.

ಇನ್ನು ನಿಗಾ ಎಂಬ ಮಾತಿನ ಇನ್ನೊಂದು ಮುಖ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಾಲ್ಕು ಲೇತುಗಳ ಒಂದು ಚಿಕ್ಕ ಷೆಡ್ಡನ್ನು ನಡೆಸುತ್ತಿದ್ದಾನೆ. ಪ್ರತಿ ಯಂತ್ರದ ತಂತಿಗೂ ಕರೆಂಟು ಅಳೆಯುವ ಒಂದು ಪುಟ್ಟ ಬಳೆಯನ್ನು ತೊಡಿಸಿ, ಯಾವ ಯಂತ್ರ ಎಷ್ಟು ಹೊತ್ತು ದುಡಿಯಿತು, ಎಷ್ಟು ಹೊತ್ತು ಸುಮ್ಮನಿತ್ತು ಎಂಬುದನ್ನು ಫೋನಿನಲ್ಲಿ ಕಾಣುವಂತೆ ಮಾಡಿಕೊಂಡಿದ್ದಾನೆ. ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಉತ್ಸಾಹದಿಂದ ತೋರಿಸಿದ. “ನೋಡಿ ಸಾರ್, ಮೂರನೇ ಮೆಷಿನ್ನು ನಿನ್ನೆ ಮಧ್ಯಾಹ್ನ ನಲವತ್ತು ನಿಮಿಷ ಐಡಲ್. ಇದು ಸುಳ್ಳು ಹೇಳೋದಿಲ್ಲ” ಎಂದ. ಅದನ್ನು ಕೇಳಿಸಿಕೊಂಡ ಆ ಯಂತ್ರದ ಕೆಲಸಗಾರ, ವಯಸ್ಸಾದವರು, ತಲೆಯೆತ್ತದೆಯೇ ಹೇಳಿದರು: “ಇನ್ಸರ್ಟು ಮುಗಿದೋಗಿತ್ತು ಸಾರ್. ಸ್ಟೋರಿನ ಬೀಗದಕೈ ನಿಮ್ಮ ಹತ್ರ ಇತ್ತು. ನೀವು ಬ್ಯಾಂಕಿಗೆ ಹೋಗಿದ್ರಿ.” ಹುಡುಗ ಒಳ್ಳೆಯವನು, ನಕ್ಕು ಸುಮ್ಮನಾದ. ಅವರಿಬ್ಬರೂ ಒಂದೇ ಷೆಡ್ಡಿನಲ್ಲಿ ಇದ್ದುದರಿಂದ ಆ ನಲವತ್ತು ನಿಮಿಷಕ್ಕೆ ಅರ್ಥ ಸಿಕ್ಕಿತು. ಮಾಲೀಕನು ಬೇರೆ ಊರಿನಲ್ಲಿದ್ದು, ತಿಂಗಳ ಕೊನೆಯಲ್ಲಿ ಅಂಕಿಗಳ ಪಟ್ಟಿಯನ್ನಷ್ಟೇ ನೋಡುವವನಾಗಿದ್ದರೆ ಆ ನಿಮಿಷಗಳು ಕೆಲಸಗಾರರ ಖಾತೆಯಲ್ಲಿ ಸೋಮಾರಿತನವೆಂದು ಬೀಳುತ್ತಿದ್ದುವು. ಯಂತ್ರವು ಸುಳ್ಳು ಹೇಳುವುದಿಲ್ಲವೆಂಬುದು ನಿಜ. ಆದರೆ ಅದು ಕಾರಣವನ್ನೂ ಹೇಳುವುದಿಲ್ಲ. ಆದುದರಿಂದ ಮಾಲೀಕನು ಕಾಣುವ ಅಂಕಿಯನ್ನು ಕೆಲಸಗಾರನೂ ಕಾಣಬೇಕು. ಅದರ ಪಕ್ಕದಲ್ಲಿ ತನ್ನ ಕಾರಣವನ್ನು ಬರೆಯುವ ಹಕ್ಕು ಅವನಿಗಿರಬೇಕು. ಇದಕ್ಕೆ ಹೊಸ ಚಿಪ್ಪು ಬೇಡ, ಮನಸ್ಸು ಸಾಕು.

ಬರೆಯುವುದಾದರೆ ಯಾವ ಭಾಷೆಯಲ್ಲಿ? ಇಂಥ ಉಪಕರಣಗಳ ಎಚ್ಚರಿಕೆಗಳಲ್ಲಿ ಬಹುಪಾಲು ಬರುವುದು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿ ಐಟಿಐ ಮುಗಿಸಿ ಬಂದ ಹುಡುಗನು ಸಂಕೇತಾಕ್ಷರಗಳ ಆ ಸಾಲನ್ನು ಅಭ್ಯಾಸಬಲದಿಂದ ಗುರುತಿಸುತ್ತಾನೆ. ಹಿಂದೆ ಕಂಡಿರದ ಎಚ್ಚರಿಕೆ ಬಂದಾಗ ಗುಂಡಿ ಒತ್ತಿ ಅದನ್ನು ಅಳಿಸಿಬಿಡುತ್ತಾನೆ. ಅಪಾಯದ ಸೂಚನೆಯು ಓದುಗನ ಭಾಷೆಯಲ್ಲಿಲ್ಲದಿದ್ದರೆ ಅದು ಸೂಚನೆಯೇ ಅಲ್ಲ. ಇದಕ್ಕೆ ಸಂಸ್ಕೃತಮಯವಾದ ಹೊಸ ಪದಗಳನ್ನು ಟಂಕಿಸಬೇಕೆಂದು ನಾನು ಹೇಳುತ್ತಿಲ್ಲ. ‘ಶೀತಲೀಕರಣ ಜಲಪ್ರವಾಹ ಸ್ಥಗಿತ’ ಎಂದು ಬರೆದರೆ ಅದೂ ಇಂಗ್ಲಿಷಿನಷ್ಟೇ ದೂರ. ‘ಕುಲುಮೆಗೆ ನೀರು ಬರುತ್ತಿಲ್ಲ, ಕೂಡಲೇ ಕರೆಂಟು ತೆಗೆಯಿರಿ’ ಎಂದರೆ ಸಾಕು. ಕಾರ್ಖಾನೆಯ ಕನ್ನಡ ಕಾರ್ಖಾನೆಯಲ್ಲಿಯೇ ಇದೆ. ಅದನ್ನು ತೆರೆಯ ಮೇಲೆ ತರುವವರು ಬೇಕಾಗಿದ್ದಾರೆ. ಎಂಜಿನಿಯರಿಂಗ್ ಓದುವ ಹುಡುಗರೂ ಕನ್ನಡ ಓದುವ ಹುಡುಗರೂ ಒಂದೇ ಊರಿನ ಎರಡು ಕಾಲೇಜುಗಳಲ್ಲಿದ್ದಾರೆ. ಒಂದು ಭಾನುವಾರ ಜೊತೆಗೆ ಕುಳಿತರೆ ಐವತ್ತು ಎಚ್ಚರಿಕೆಗಳ ಕನ್ನಡ ಪಟ್ಟಿ ಸಿದ್ಧವಾದೀತು.

ಕೊನೆಯದಾಗಿ ಒಡೆತನದ ಮಾತು. ಅಗ್ಗದ ಉಪಕರಣಗಳಲ್ಲಿ ಅನೇಕವು ತಮ್ಮ ಸುದ್ದಿಯನ್ನು ತಯಾರಕನ ದೂರದ ಗಣಕಕ್ಕೆ ಕಳುಹಿಸಿ, ಅಲ್ಲಿಂದ ನಮ್ಮ ಫೋನಿಗೆ ತರಿಸುತ್ತವೆ. ಆ ಗಣಕ ನಿಂತರೆ ನಮ್ಮ ಪೆಟ್ಟಿಗೆಯೂ ಮೂಕ. ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಮನೆಬಳಕೆಯ ನಿಯಂತ್ರಕವೊಂದಿತ್ತು. ಅದನ್ನು ಮಾಡಿದ ಸಂಸ್ಥೆ 2014ರಲ್ಲಿ ಕೈಬದಲಾಯಿತು. 2016ರ ಮೇ ತಿಂಗಳಲ್ಲಿ ಹೊಸ ಒಡೆಯರು ಅದರ ಸೇವೆಯನ್ನು ನಿಲ್ಲಿಸಿದರು. ಹಣ ಕೊಟ್ಟು ಕೊಂಡವರ ಮನೆಯಲ್ಲಿ ಅದು ಬರಿಯ ಡಬ್ಬಿಯಾಯಿತು. ಅದೇ ದೇಶದಲ್ಲಿ 2022ರಲ್ಲಿ ಮೂರನೆಯ ಪೀಳಿಗೆಯ ಮೊಬೈಲ್ ಜಾಲಗಳನ್ನು ಮುಚ್ಚಿದಾಗ ಅವುಗಳನ್ನೇ ನಂಬಿದ್ದ ಹಳೆಯ ಉಪಕರಣಗಳು ನಿಂತುಹೋದುವು. ಮನೆಯ ದೀಪ ನಿಂತರೆ ಬೇಸರವಷ್ಟೆ. ಕಾರ್ಖಾನೆಯ ಪಂಪು ನಿಂತರೆ ಸಂಬಳ ನಿಲ್ಲುತ್ತದೆ. ಇಂಟರ್‌ನೆಟ್ಟು ಇಲ್ಲದಿದ್ದರೂ ಷೆಡ್ಡಿನೊಳಗೆ ಕೆಲಸ ಮಾಡುವ, ಮಾಡ್‌ಬಸ್ಸಿನಂಥ ತೆರೆದ ಭಾಷೆಯನ್ನಾಡುವ, ಊರಿನ ಮೆಕ್ಯಾನಿಕ್ ಬಿಚ್ಚಿ ರಿಪೇರಿ ಮಾಡಬಲ್ಲ ಉಪಕರಣವೇ ನಿಜವಾಗಿ ಅಗ್ಗವಾದದ್ದು. ಕೊಳ್ಳುವ ದಿನದ ಬೆಲೆಯೊಂದೇ ಬೆಲೆಯಲ್ಲ.

ಇಷ್ಟೆಲ್ಲ ಷರತ್ತು ಹಾಕಿದರೆ ಅಗ್ಗವಾದದ್ದು ಮತ್ತೆ ದುಬಾರಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಬಡವನಿಗೆ ಸಿಕ್ಕಿದ ಸೌಕರ್ಯವನ್ನು ಉಪದೇಶದಿಂದ ಕಿತ್ತುಕೊಳ್ಳಬಾರದು. ಆದರೆ ನಾನು ಕೇಳುತ್ತಿರುವುದೇನು? ಯಂತ್ರದ ಮೈಮೇಲೆ ಬೀಗವಿರುವ ಒಂದು ಸ್ವಿಚ್ಚು. ಚಾಲೂ ಆಗುವ ಮೊದಲು ಅರ್ಧ ನಿಮಿಷ ಕೂಗುವ ಒಂದು ಗಂಟೆ. ಕರೆಂಟನ್ನು ಅಳೆದು ಉತ್ತರ ಹೇಳುವ ಒಂದು ಬಳೆ. ಬದಲಾಯಿಸಿದ ಒಂದು ಗುಪ್ತಪದ. ಕನ್ನಡದ ಕೆಲವು ಸಾಲು. ಇವೆಲ್ಲ ಸೇರಿದರೂ ಸುಟ್ಟುಹೋದ ಒಂದು ಮೋಟರನ್ನು ಮತ್ತೆ ಸುತ್ತಿಸುವ ಖರ್ಚನ್ನು ಮೀರಲಾರವು. ಒಂದು ಕೈಯ ಬೆಲೆಯ ಮಾತನ್ನಂತೂ ಆಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೂ ‘ಸಮರ್ಥ ಉದ್ಯೋಗ’ ಎಂಬ ಕೇಂದ್ರ ಸರ್ಕಾರದ ಯೋಜನೆಯಡಿ ಹೊಸ ಬಗೆಯ ಉತ್ಪಾದನಾ ಪದ್ಧತಿಗಳನ್ನು ತೋರಿಸಿಕೊಡುವ ಕೇಂದ್ರಗಳನ್ನು ಕಟ್ಟಿವೆ. ಸಣ್ಣ ಷೆಡ್ಡಿನವನು ಕೊಳ್ಳುವ ಪೆಟ್ಟಿಗೆಯನ್ನು ಈ ಐದಾರು ಪ್ರಶ್ನೆಗಳಿಂದ ಪರೀಕ್ಷಿಸಿ, ಇದು ಸರಿ, ಇದು ಸರಿಯಲ್ಲ ಎಂದು ಕನ್ನಡದಲ್ಲಿ ಹೇಳುವ ವ್ಯವಸ್ಥೆಯೊಂದು ಅಂಥ ಸಂಸ್ಥೆಗಳಿಂದಲೂ ಜಿಲ್ಲೆಯ ಪಾಲಿಟೆಕ್ನಿಕ್ಕುಗಳಿಂದಲೂ ಆಗಬೇಕಾದದ್ದು.

ಕನ್ನಡದಲ್ಲಿ ‘ನೋಡು’ ಎಂಬ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿದರೆ ಅರ್ಥವೇ ಬೇರೆಯಾಗುತ್ತದೆ. ಮಗುವನ್ನು ನೋಡುವುದು ಬೇರೆ, ಮಗುವನ್ನು ನೋಡಿಕೊಳ್ಳುವುದು ಬೇರೆ. ಎರಡನೆಯದರಲ್ಲಿ ನೋಡುವವನು ಜವಾಬ್ದಾರಿಯನ್ನು ತನ್ನ ಮೇಲೆ ತೆಗೆದುಕೊಳ್ಳುತ್ತಾನೆ. ಅಗ್ಗದ ನಿಸ್ತಂತು ಉಪಕರಣಗಳು ಯಂತ್ರವನ್ನು ಎಲ್ಲಿಂದ ಬೇಕಾದರೂ ನೋಡುವ ಶಕ್ತಿಯನ್ನು ನಮಗೆ ಕೊಟ್ಟಿವೆ. ಯಂತ್ರವನ್ನೂ ಅದರ ಬಳಿ ನಿಂತವನನ್ನೂ ನೋಡಿಕೊಳ್ಳುವ ಕೆಲಸ ಮೊದಲಿನಂತೆಯೇ ಮನುಷ್ಯರ ಪಾಲಿಗೆ ಉಳಿದಿದೆ.